ಟಪಾಲನಿಗೆ, ಘಟ್ಟದ ಪ್ಲಾನ್ ಸಮೇತ

ಲೇ ಟಪಾಲ,

ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ 'ಆತು ಬಿಡಲೇ, ನೋಡೋಣು' ಅಂತೀ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ. ನಾಕು ಮಂದಿ ಸಾಕ್ಷಿ ಇದ್ದರೆ ತಪ್ಪಿಸಿಕೊಳ್ಳಲು ಆಗಲ್ಲ. ಓದುತ್ತಿರುವ ಉಳಿದವರಲ್ಲಿ ಒಂದು ವಿನಂತಿ: ಹಳಿಯಾಳದ ಎಮ್ಮೆಯ ವಿಷಯ ಕೇಳಬೇಡಿ. ಅದು ನಮ್ಮಿಬ್ಬರ ನಡುವಿನದು, ಮತ್ತು ಎಮ್ಮೆಯದು.

ಪ್ಲಾನ್ ರೆಡಿ ಇದೆ. ದಸರಾ ಮುಗಿದ ಮೇಲೆ, ದೀಪಾವಳಿಗೆ ಮುಂಚೆ. ಮಳೆಗಾಲದಲ್ಲಿ ಅಣಶಿ ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗೋದು ಉಂಟು. ಬೇಸಿಗೆಯಲ್ಲಿ ಹೋದರೆ ಬಂಡೀಪುರದಲ್ಲಿ ನೋಡಲು ಸಿಗೋದು ಒಣಗಿದ ಕಡ್ಡಿ ಮತ್ತು ನಮ್ಮಂಥ ಮಂದಿ.

ನೀನು ಪುಣೆಯಿಂದ ರಾತ್ರಿ ಬಸ್ಸಿಗೆ ಧಾರವಾಡಕ್ಕೆ ಬಾ. ಚಹಾ ಕುಡಿದು ಹೊರಟರೆ ಹಳಿಯಾಳ, ದಾಂಡೇಲಿ, ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು, ಜೋಯಿಡಾ, ಅಣಶಿ. ಘಟ್ಟ ಇಳಿದರೆ ಕದ್ರಾ, ಆಮೇಲೆ ಕಾರವಾರದ ಮೀನೂಟ. ಆ ಕಾಡಿಗೆ 2015ರಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಅಂತ ಹೆಸರಿಟ್ಟರು. ನಮ್ಮ ಬಾಯಲ್ಲಿ ಇನ್ನೂ ದಾಂಡೇಲಿಯೇ. ಅಲ್ಲಿ ಕರಿ ಚಿರತೆ ಇವೆ. ನೀನು ಏನೂ ಹೇಳಬೇಡ. ಅಣಶಿ ಘಟ್ಟದ ಒಂದೊಂದು ತಿರುವೂ ನನಗೆ ಈಗ ಬಾಯಿಪಾಠ. ಎಲ್ಲಿ ಬಲಕ್ಕೆ ಕಣಿವೆ ಕಾಣುತ್ತದೆ, ಎಲ್ಲಿ ಗಾಡಿ ಬದಿಗೆ ಹಾಕಬಹುದು, ಎಲ್ಲಾ ಹೇಳಬಲ್ಲೆ. ಹುಬ್ಬಳ್ಳಿಯ ನೃಪತುಂಗ ಬೆಟ್ಟವನ್ನೇ ಬೆಟ್ಟ ಅಂದುಕೊಂಡು ಬೆಳೆದವನಿಗೆ ಇಷ್ಟು ಜ್ಞಾನ ಜಾಸ್ತಿಯೇ.

ಮರುದಿನ ಸಮುದ್ರದ ಪಕ್ಕದಲ್ಲೇ ಕುಂದಾಪುರದವರೆಗೆ, ಅಲ್ಲಿಂದ ಹೆಬ್ರಿ, ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವು, ಶೃಂಗೇರಿ. ಇಲ್ಲಿ ಸ್ಟೇರಿಂಗ್ ನಿನ್ನದು, ಮೂರನೇ ಗೇರಿನ ಶಪಥ ನೆನಪಿರಲಿ.

ಕುದುರೆಮುಖಕ್ಕೆ ಮಾತ್ರ ನಾನು ಒಂದು ಇಡೀ ದಿನ ಇಟ್ಟಿದ್ದೇನೆ. ಕಾಲೇಜಿನ ಟ್ರಿಪ್ಪಿನಲ್ಲಿ ಹೋದಾಗ ಗಣಿ ಇನ್ನೂ ನಡೆದಿತ್ತು, ನೆನಪಿದೆಯಾ? ಅದಿರು ಪುಡಿ ಮಾಡಿ, ನೀರಿನಲ್ಲಿ ಕಲಸಿ, ಪೈಪಿನಲ್ಲಿ ಮಂಗಳೂರಿನ ಬಂದರಿಗೆ ಕಳಿಸುತ್ತಾರೆ ಅಂತ ಹೇಳಿದಾಗ ನೀನು ನಂಬಿರಲಿಲ್ಲ. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದರು. 1987ರಲ್ಲೇ ನ್ಯಾಷನಲ್ ಪಾರ್ಕ್ ಅಂತ ಘೋಷಣೆಯಾಗಿತ್ತು, ಆದರೂ ಗಣಿ ಗಣಿಯೇ. ಕೊನೆಗೆ ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2005ರ ಕೊನೆಗೆ ನಿಂತಿತು. ಸಾವಿರಾರು ಜನ ಇದ್ದ ಟೌನ್‌ಶಿಪ್ಪಿನಲ್ಲಿ ಈಗ ಮನೆ ಇವೆ, ಮಂದಿ ಇಲ್ಲ. ಶಿಖರ ಹತ್ತಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಆನ್‌ಲೈನಿನಲ್ಲಿ ತೆಗೆದುಕೊಳ್ಳಬೇಕು. ನಮ್ಮ ಮೊಣಕಾಲಿನ ಅನುಮತಿ ಬೇರೆ. ಹಾಗಾಗಿ ಹತ್ತೋದು ಬೇಡ, ಕೆಳಗೆ ನಿಂತು ಹತ್ತಿದವರ ಬಗ್ಗೆ ಕುಹಕ ಆಡೋಣ.

ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟೋದು ಅಲ್ಲೇ ಗಂಗಾಮೂಲದಲ್ಲಿ. ಗದಗಿನ ಅಕ್ಕನಿಗೆ ಇದನ್ನು ಹೇಳಿದೆ. ಅವರ ಮನೆಗೆ ಬರೋದು ತುಂಗಭದ್ರಾ ನೀರು. 'ಹೌದಾ? ಹಂಗಾರ ಅಲ್ಲೇ ಕೇಳ್ಕೊಂಡು ಬಾರಪ್ಪಾ, ನಮ್ಮ ಓಣಿಗೆ ಯಾವಾಗ ಬಿಡ್ತಾರಂತ' ಅಂದಳು.

ಅಲ್ಲಿಂದ ಕಳಸ, ಮಡಿಕೇರಿ, ಕುಟ್ಟ, ನಾಗರಹೊಳೆ. ಕಾಡಿನ ಆ ರಸ್ತೆ ಸಂಜೆಗೇ ಮುಚ್ಚುತ್ತದೆ, ಮಧ್ಯಾಹ್ನವೇ ದಾಟಬೇಕು. ಮೈಸೂರಿನಲ್ಲಿ ರಾತ್ರಿ. ಆಮೇಲೆ ಗುಂಡ್ಲುಪೇಟೆ, ಬಂಡೀಪುರ, ಮುದುಮಲೈ, ಗೂಡಲೂರಿನ ಮೇಲೆ ಊಟಿ.

ಇದನ್ನೆಲ್ಲ ಒಂದು ಹಳೆಯ ವಹಿಯಲ್ಲಿ ಸ್ಕೇಲಿನಿಂದ ಗೆರೆ ಹೊಡೆದು ಬರೆದಿದ್ದೇನೆ. ದಿನ, ಊರು, ಕಿಲೋಮೀಟರ್, ಎಲ್ಲಿ ಉಳಿಯೋದು. ಮೊನ್ನೆ ಮನೆಯವಳು ಮೆಂತ್ಯ ಪಲ್ಲೆ ಸೋಸುತ್ತ ಪಕ್ಕಕ್ಕೆ ಕೂತವಳು ವಹಿ ಎಳೆದು ನೋಡಿದಳು. ಕೊನೆಯ ಕಾಲಮ್ಮಿನ ಮೇಲೆ ಬೆರಳಿಟ್ಟಳು. ದಾಂಡೇಲಿಯ ಮುಂದೆ ಒಂದೂವರೆ. ಕುದುರೆಮುಖದ ಮುಂದೆ ಎಂಟು. ಊಟಿಯ ಮುಂದೆ ಹನ್ನೆರಡು, ಕೆಳಗೆ ಕೆಂಪು ಗೆರೆ.

'ಇದೇನ್ರೀ?'

'ವಾಪಸ್ ಬರೋ ತಾಸು.'

'ಯಾರ ಸಲುವಾಗಿ?'

ಅಷ್ಟು ಕೇಳಿ ಅವಳು ಪಲ್ಲೆಗೆ ಮರಳಿದಳು. ನಾನು ಮಾತ್ರ ಅಲ್ಲೇ ಉಳಿದೆ.

ನಿನಗೆ ಗೊತ್ತು, ಅವ್ವನಿಗೆ ಲಕ್ವಾ ಹೊಡೆದ ಮೇಲೆ ನನ್ನ ನಕಾಶೆಯಲ್ಲಿ ಊರುಗಳಿಗೆ ದೂರ ಇರಲಿಲ್ಲ, ವಾಪಸ್ ಬರುವ ಹೊತ್ತು ಇತ್ತು. ಗೋಕರ್ಣ ಆಗಬಹುದು. ಊಟಿ ಆಗಲ್ಲ. ಬಂಡೀಪುರದಲ್ಲಿ 2009ರಿಂದ ರಾತ್ರಿ ಒಂಬತ್ತಕ್ಕೆ ಗೇಟ್ ಹಾಕಿದರೆ ಬೆಳಿಗ್ಗೆ ಆರಕ್ಕೇ ತೆಗೆಯೋದು. ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುತ್ತಿದ್ದವು, ನ್ಯಾಯವಾದ ಮಾತೇ. ಆದರೆ ರಾತ್ರಿ ಹತ್ತಕ್ಕೆ ಮನೆಯಿಂದ ಫೋನ್ ಬಂದರೆ? ಅದೊಂದೇ ಕಾರಣಕ್ಕೆ ಪ್ರತಿ ಸಲ ಊಟಿಗೆ ಕಾಟು ಹಾಕುತ್ತಿದ್ದೆ. ಕುದುರೆಮುಖದಲ್ಲಿ ನೆಟ್‌ವರ್ಕ್ ಸರಿಯಿಲ್ಲ ಅಂತ ಅದಕ್ಕೂ ಕಾಟು. ನೀನು 'ಹುಳುಕು ತೆಗೀತೀಯಲ್ಲೋ' ಅಂತ ಬೈಯುತ್ತಿದ್ದೆ.

ಅವ್ವ ಹೋಗಿ ಇನ್ನೂ ವರ್ಷ ತುಂಬಿಲ್ಲ. ನೀನು ಬಂದಿದ್ದೆ. ಸಮಾಧಾನ ಹೇಳಲು ಹೋಗದೆ ಶಾಮಿಯಾನದ ಕುರ್ಚಿ ಜೋಡಿಸುತ್ತ ನಿಂತಿದ್ದೆ. ಅದು ನನಗೆ ಬಹಳ ಹಿಡಿಸಿತ್ತು, ಹೇಳಿರಲಿಲ್ಲ.

ಈಗ ಹೇಳುತ್ತೇನೆ ಕೇಳು. ಊಟಿಯ ಮುಂದೆ ಹನ್ನೆರಡು ಅಂತ ಬರೆದು ಕೆಂಪು ಗೆರೆ ಎಳೆದ ಮೇಲೆ, 'ಇರಲಿ ಬಿಡು, ಈ ಸಲ ನಡೆಯುತ್ತೆ' ಅನ್ನಿಸಿತ್ತು. ಖುಷಿಯೂ ಆಗಿತ್ತು. ಯಾಕೆ ನಡೆಯುತ್ತೆ ಅಂತ ಆಗ ಯೋಚಿಸಿರಲಿಲ್ಲ. 'ಯಾರ ಸಲುವಾಗಿ' ಅಂತ ಅವಳು ಕೇಳಿದಾಗ ಹೊಳೆಯಿತು. ಅವ್ವ ಇಲ್ಲ, ಅದಕ್ಕೇ ಊಟಿ ಆಗುತ್ತದೆ. ಇಷ್ಟು ವರ್ಷ ಕಾಯುತ್ತಿದ್ದ ಟ್ರಿಪ್ ಯಾವುದಕ್ಕೆ ಕಾಯುತ್ತಿತ್ತು ಅಂತ ಲೆಕ್ಕ ಹಾಕಿದರೆ ಉತ್ತರ ಒಂದೇ ಬರುತ್ತದೆ. ಅದು ಬಂದ ಮೇಲೆ ಸುಮ್ನೆ ಕೂರೋಕೆ ಆಗಲಿಲ್ಲ. ಎದ್ದು ಹೋಗಿ ನಳ ಬಂದ್ ಇದೆಯಾ ಅಂತ ನೋಡಿ ಬಂದೆ. ಬಂದ್ ಇತ್ತು.

ಅಣಶಿ ಘಟ್ಟ ಬಾಯಿಪಾಠ ಆದದ್ದೂ ಹಾಗೇ. ರಾತ್ರಿ ಮೂರಕ್ಕೆ ಎಚ್ಚರ ಆಗುತ್ತದೆ. ಅವ್ವನ ಮಗ್ಗಲು ಬದಲಿಸುವ ಹೊತ್ತು ಅದು. ಮೈಗೆ ಇನ್ನೂ ಯಾರೂ ಹೇಳಿಲ್ಲ. ಮಲಗಿದರೆ ನಿದ್ದೆ ಬರಲ್ಲ, ಮೊಬೈಲಿನಲ್ಲಿ ಮ್ಯಾಪ್ ತೆಗೆದು ಜೋಯಿಡಾದಿಂದ ಕದ್ರಾಕ್ಕೆ ಬೆರಳಿನಲ್ಲೇ ಇಳಿಯುತ್ತೇನೆ. ಮನೆಯವಳಿಗೆ ಗೊತ್ತಿಲ್ಲ ಅಂದುಕೊಂಡಿದ್ದೇನೆ. ಗೊತ್ತಿರುತ್ತೆ, ಅಲ್ವಾ?

ಇಷ್ಟೆಲ್ಲ ಬರೆಯಲು ಕೂತಿರಲಿಲ್ಲ ಮಾರಾಯ. ಅಳಿಸೋಣ ಅಂದುಕೊಂಡೆ. ಆದರೆ ಒಂದು ಒತ್ತಕ್ಷರ ಮೂಡಿಸಲು ನನ್ನ ಹೆಬ್ಬೆರಳು ಪಡುವ ಪಾಡು ನಿನಗೆ ಗೊತ್ತಲ್ಲ, ಇಷ್ಟು ದುಡಿಮೆ ದಂಡ ಮಾಡಲು ಮನಸ್ಸು ಬರಲಿಲ್ಲ.

ಈಗ ಕೆಲಸದ ಮಾತು. ಊಟಿಗೆ ಹೊರಗಿನ ಗಾಡಿಗಳಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು, ಅದನ್ನು ನಾನು ಮಾಡಿಸುತ್ತೇನೆ. ನೀಲಗಿರಿಯಲ್ಲಿ ಪ್ಲಾಸ್ಟಿಕ್ ಬಾಟಲಿ ನಡೆಯಲ್ಲ, ಸ್ಟೀಲಿನದು ತಾ. ಹಿಂದಿನ ಸೀಟು ಖಡಕ್ ರೊಟ್ಟಿ ಡಬ್ಬಿ ಮತ್ತು ಶೇಂಗಾ ಹಿಂಡಿಗೆ ಮೀಸಲು. ಹಾಗಾಗಿ ಇದನ್ನು ಓದಿ 'ನಾವೂ ಬರ್ತೀವಿ' ಅನ್ನುವವರಿಗೆ ಜಾಗ ಇಲ್ಲ. ವೈನಿಗೆ ನಮಸ್ಕಾರ ಹೇಳು, ಹೋದ ಸಲ ಕಳಿಸಿದ ಉಪ್ಪಿನಕಾಯಿಯ ಬರಣಿ ವಾಪಸ್ ಕೊಡುತ್ತೇನೆ ಅಂತಲೂ ಹೇಳು. ಖಾಲಿಯದು.

ಕಾರಿನಲ್ಲಿ ಕೂತ ಮೇಲೆ ಈ ಪತ್ರದ ಮಾತು ತೆಗೆಯಬೇಡ. ತೆಗೆಯಲೇಬೇಕು ಅನ್ನಿಸಿದರೆ ಆಗುಂಬೆಯ ತಿರುವಿನಲ್ಲಿ ತೆಗಿ. ಅಲ್ಲಿ ಸ್ಟೇರಿಂಗ್ ನಿನ್ನ ಕೈಯಲ್ಲಿ ಇರುತ್ತದೆ, ಎದುರಿನ ಬಸ್ಸು ನೋಡುತ್ತ ನೀನೇ ಬೇಗ ಮುಗಿಸುತ್ತೀ. ಮತ್ತೆ ಆಧಾರ್ ಕಾರ್ಡಿನ ಫೋಟೋ ಇವತ್ತೇ ಕಳಿಸು, ರೂಮಿನವರು ಕೇಳುತ್ತಿದ್ದಾರೆ. ಹೋದ ಸಲದ ಹಾಗೆ ರೇಷನ್ ಕಾರ್ಡ್ ಕಳಿಸಬೇಡ.

ನಿನ್ನ,
ಸಪ್ತಾಪುರದ ಮಾಸ್ತರ