ಗುಂಡನಿಗೆ, ಮರಗಳಿಲ್ಲದ ದ್ವೀಪಗಳ ವಿಷಯವಾಗಿ

ಪ್ರೀತಿಯ ಗುಂಡ,

ನಾನು ಹಾಕಿದ ಸೈಕಲ್ ಪ್ರವಾಸದ ಫೋಟೋದ ಕೆಳಗೆ ನೀನು ಕೇಳಿದ ಪ್ರಶ್ನೆ ನೋಡಿದೆ. "ಬರೀ ಹೆಂಗಸರೇ ಹೋಗಿದ್ರಾ? ಪಂಕ್ಚರ್ ಯಾರು ಹಾಕಿದ್ರು?" ನಮ್ಮ ಗ್ಯಾಂಗಿನ ಉಳಿದ ಮಹಾನುಭಾವರೂ ಬಂದು ಹಲ್ಲು ಕಿರಿದು ಹೋಗಿದ್ದಾರೆ. ಉತ್ತರ ವಾಟ್ಸಾಪಿನಲ್ಲೇ ಕೊಡಬಹುದಿತ್ತು. ಅಲ್ಲಿ ಬರೆದರೆ ನೀನು ಒಂದು ಹೆಬ್ಬೆರಳು ಒತ್ತಿ ಮಲಗುತ್ತೀಯ. ಅದಕ್ಕೇ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ. ಸಾಕ್ಷಿ ಇರಲಿ.

ಪಂಕ್ಚರ್ ಹಾಕಿದ್ದು ಅರವತ್ತು ದಾಟಿದ ಒಬ್ಬ ರಿಟೈರ್ಡ್ ನರ್ಸ್. ಬೆನ್‌ಬೆಕ್ಯೂಲಾ ಅನ್ನುವ ದ್ವೀಪದಲ್ಲಿ, ರಸ್ತೆ ಪಕ್ಕ, ಗಾಳಿಗೆ ಬೆನ್ನು ಕೊಟ್ಟು ಕೂತು. ಟೈರಿನ ಒಳಗೆ ನಿಧಾನಕ್ಕೆ ಬೆರಳಾಡಿಸಿ, ಕಣ್ಣಿಗೆ ಕಾಣದ ಒಂದು ಕಲ್ಲಿನ ಚೂರನ್ನು ಹುಡುಕಿ ತೆಗೆದರು. ಜೀವಮಾನವೆಲ್ಲ ಜನರ ಕೈಯಲ್ಲಿ ನರ ಹುಡುಕಿದ ಬೆರಳು ಅದು. ಹೊಸ ಟ್ಯೂಬು ಹಾಕಿ, ಪಂಪು ಹೊಡೆದು, ಕೈ ಒರೆಸಿಕೊಂಡು ಹೊರಟೇಬಿಟ್ಟರು. ಶಿರಾಡಿ ಘಾಟಿಯಲ್ಲಿ ನೀವು ಇಷ್ಟೂ ಜನ ಸೇರಿ ಒಂದು ಸ್ಟೆಪ್ನಿ ಬದಲಾಯಿಸಿದ ಕತೆ ನಾನು ಇಲ್ಲಿ ಎತ್ತುವುದಿಲ್ಲ. ಕೋಳಿಯ ವಿಷಯವಂತೂ ಬೇಡವೇ ಬೇಡ.

ಎಲ್ಲಿಗೆ ಹೋಗಿದ್ದೆ ಅಂತ ಹೇಳುತ್ತೇನೆ. ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಬಂದು ಇಷ್ಟು ವರ್ಷವಾದರೂ ಆ ಕಡೆ ತಲೆ ಹಾಕಿರಲಿಲ್ಲ. ಓಬನ್ ಅನ್ನುವ ಊರಿನ ತನಕ ರೈಲು. ಅಲ್ಲಿಂದ ಹೆಚ್ಚುಕಮ್ಮಿ ಐದು ತಾಸು ಹಡಗು. ಅಟ್ಲಾಂಟಿಕ್ ಸಮುದ್ರದಲ್ಲಿ ಔಟರ್ ಹೆಬ್ರಿಡೀಸ್ ಅಂತ ಒಂದು ದ್ವೀಪಗಳ ಸಾಲು. ದಕ್ಷಿಣದ ವ್ಯಾಟರ್ಸೇಯಿಂದ ಉತ್ತರದ ತುದಿ ಬಟ್ ಆಫ್ ಲೂಯಿಸ್ ತನಕ 2016ರಲ್ಲಿ ಒಂದು ಸೈಕಲ್ ದಾರಿ ಗುರುತು ಮಾಡಿದರು. ಹೆಬ್ರಿಡಿಯನ್ ವೇ ಅಂತ ಹೆಸರು. 297 ಕಿಲೋಮೀಟರ್, ಹತ್ತು ದ್ವೀಪ. ಎರಡು ಕಡೆ ಫೆರ್ರಿ, ಉಳಿದ ಕಡೆ ಸಮುದ್ರಕ್ಕೆ ಕಲ್ಲು ತುಂಬಿ ಕಟ್ಟಿದ ಕಾಸ್‌ವೇ. ದಕ್ಷಿಣದಿಂದ ಉತ್ತರಕ್ಕೇ ಹೋಗಬೇಕಂತೆ. ಗಾಳಿ ಜಾಸ್ತಿ ನೈರುತ್ಯದಿಂದ ಬೀಸುವುದರಿಂದ ಬೆನ್ನು ದೂಡುತ್ತದೆ ಅನ್ನುತ್ತಾರೆ. ಆ ಗಾಳಿಗೆ ನಾವು ಬರುವುದು ಗೊತ್ತಿರಲಿಲ್ಲ. ನಾರ್ತ್ ಯೂಯಿಸ್ಟಿನಲ್ಲಿ ಅದು ಎದುರಿಂದಲೇ ಬಂತು, ಇಳಿಜಾರಿನಲ್ಲೂ ತುಳಿಯಬೇಕಾಯಿತು.

ಬಾರಾ ದ್ವೀಪದ ವಿಮಾನ ನಿಲ್ದಾಣಕ್ಕೆ ಡಾಂಬರಿನ ರನ್‌ವೇ ಇಲ್ಲ. ವಿಮಾನ ಸೀದಾ ಸಮುದ್ರ ತೀರದ ಮರಳಿನ ಮೇಲೆ ಇಳಿಯುತ್ತದೆ. ಹಾಗಾಗಿ ಉಬ್ಬರ ಇಳಿತ ನೋಡಿಕೊಂಡು ಟೈಮ್‌ಟೇಬಲ್ ಮಾಡುತ್ತಾರೆ. ನಮ್ಮ ಕಾಲೇಜಿನಲ್ಲಿ ಏನು ನೋಡಿಕೊಂಡು ಮಾಡುತ್ತಿದ್ದರೋ. ಕಾಸ್‌ವೇ ಮೇಲೆ ನೀರುನಾಯಿ ರಸ್ತೆ ದಾಟುತ್ತವೆ, ಜೋಪಾನ ಅಂತ ಬೋರ್ಡು. ನಮಗೆ ನೀರುನಾಯಿ ಒಂದೂ ಸಿಗಲಿಲ್ಲ, ಬೋರ್ಡಿನ ಚಿತ್ರ ಮಾತ್ರ ಎಲ್ಲರ ಫೋನಿನಲ್ಲೂ ಇದೆ. ಒಂದೇ ಗಾಡಿ ಹಿಡಿಯುವ ರಸ್ತೆ. ಹಿಂದಿನಿಂದ ಲಾರಿ ಬಂದರೆ ಮೊದಲು ಕಂಡವಳು ಕೂಗಬೇಕು, ಎಲ್ಲರೂ ಪಕ್ಕದ ಜಾಗಕ್ಕೆ ಸರಿಯಬೇಕು, ಲಾರಿಯವನು ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿ ಥ್ಯಾಂಕ್ಸ್ ಹೇಳಿ ಹೋಗಬೇಕು. ಅಷ್ಟೇ ಟ್ರಾಫಿಕ್.

ಆದರೆ ಅಲ್ಲಿ ಮರ ಇಲ್ಲ ಗುಂಡ. ಸ್ಟೋರ್ನೊವೇ ಊರಿನ ಕೋಟೆಯ ತೋಟದಂಥ ಒಂದೆರಡು ಜಾಗ ಬಿಟ್ಟರೆ ಇಲ್ಲವೆಂದೇ ಹೇಳಬೇಕು. ಹುಲ್ಲು, ಬಂಡೆ, ಕಪ್ಪು ಜೌಗು ನೆಲ, ಕುರಿ. ಮೈಲಿಗಟ್ಟಲೆ ಒಂದು ಪೊದೆ ಕೂಡ ಕಾಣುವುದಿಲ್ಲ. ನಿನಗೆ ಇದು ಸೌಂದರ್ಯದ ವಿಷಯ. ಬೆಳಗ್ಗೆ ಎರಡು ಲೋಟ ಟೀ ಕುಡಿದು ಹೊರಟ ಹೆಂಗಸರಿಗೆ ಬೇರೆಯೇ ವಿಷಯ.

ಅದಕ್ಕೆ ಒಂದು ವ್ಯವಸ್ಥೆ ಇತ್ತು. ಒಬ್ಬಳು ಕೈಯೆತ್ತಿ "ಗೋಡೆ!" ಅನ್ನುತ್ತಾಳೆ. ನಾಲ್ಕೈದು ಜನ ಸೈಕಲ್ ಮಲಗಿಸಿ ಬರುತ್ತಾರೆ. ರೇನ್‌ಕೋಟಿನ ಜಿಪ್ ಎಳೆದು, ಎರಡು ಕಡೆಯ ಅಂಚು ಹಿಡಿದು ಅಗಲ ಮಾಡಿ, ಅವಳಿಗೆ ಬೆನ್ನು ಹಾಕಿ ಸುತ್ತ ನಿಲ್ಲುತ್ತಾರೆ. ಹಳದಿ, ಕಿತ್ತಳೆ, ಗಿಳಿಹಸಿರು. ಗಾಳಿ ಯಾವ ಕಡೆಯಿಂದ ಅಂತ ಮೊದಲೇ ನೋಡಿಕೊಂಡಿರಬೇಕು, ಅದು ಬಹಳ ಮುಖ್ಯ. ಗೋಡೆಯಾದವರು ಅಷ್ಟು ಹೊತ್ತೂ ರಾತ್ರಿ ಊಟಕ್ಕೇನು ಅಂತ ಮಾತಾಡುತ್ತಿರುತ್ತಾರೆ. ಒಳಗಿದ್ದವಳೂ ಅಲ್ಲಿಂದಲೇ ಮಾತು ಸೇರಿಸುತ್ತಾಳೆ.

ನಾನು ಕೈಯೆತ್ತಲಿಲ್ಲ. ಒಂದು ಕಡೆ ನಿಂತಾಗ ಆ ನರ್ಸಮ್ಮ ನನ್ನ ಸೈಕಲ್ಲಿನ ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. ಕತ್ತಿನ ತನಕ ನೀರಿತ್ತು. "ಬೆಳಗ್ಗೆಯಿಂದ ಕುಡಿದೇ ಇಲ್ಲ" ಅಂದರು. ನನಗೆ ಬಾಯಾರಿಕೆ ಕಮ್ಮಿ ಅಂದೆ. "ಯಾವಾಗಿನಿಂದ?" ಅಂದರು.

ನೀವು ನನಗಿಟ್ಟ ಹೆಸರು ನೆನಪಿದೆಯಲ್ಲ? ಒಂಟೆ. ನೀರೇ ಬೇಡದ ಹುಡುಗಿ. ಎಷ್ಟು ಹೆಮ್ಮೆಪಟ್ಟಿದ್ದೆ ಮಾರಾಯ ಆ ಹೆಸರಿಗೆ. ಆಗುಂಬೆ ಇರಲಿ, ಕೊಡಚಾದ್ರಿ ಇರಲಿ, ಬಾಡಿಗೆ ಜೀಪಿನಲ್ಲಿ ಜೋಗಕ್ಕೆ ಹೋಗಿದ್ದು ಇರಲಿ, ಹಿಂದಿನ ರಾತ್ರಿಯಿಂದಲೇ ನಾನು ನೀರು ಬಿಡುತ್ತಿದ್ದೆ. ನೀವು ಗಾಡಿ ನಿಲ್ಲಿಸಿ, ರಸ್ತೆ ಪಕ್ಕ ಸಾಲಾಗಿ ನಿಂತು, ಹಾಡು ಹೇಳುತ್ತಾ ಕೆಲಸ ಮುಗಿಸಿ ಬರುತ್ತಿದ್ದಿರಿ. ನಾನು ಜೀಪಿನಲ್ಲೇ ಕೂತು, ಬೇರೆ ಕಡೆ ನೋಡುತ್ತಾ, "ಬೇಗ ಬನ್ರೋ" ಅಂತ ಬಯ್ಯುತ್ತಿದ್ದೆ. "ಇವಳಿಂದ ಏನೂ ತಾಪತ್ರಯ ಇಲ್ಲ ಕಣ್ರೋ" ಅಂತ ನಿಮ್ಮಲ್ಲಿ ಯಾರಾದರೂ ಅಂದರೆ ನನಗೆ ರ‍್ಯಾಂಕ್ ಬಂದಷ್ಟು ಖುಷಿ. ಉಳಿದ ಹುಡುಗಿಯರು ತಾಪತ್ರಯ ಅನ್ನುವುದು ಆ ಮಾತಿನೊಳಗೇ ಇತ್ತು. ಇದ್ದರೆ ಇರಲಿ, ನನಗಲ್ಲವಲ್ಲ ಅಂದುಕೊಂಡಿದ್ದೆ.

ಕೊಡಚಾದ್ರಿಯಿಂದ ಬಂದ ಮೇಲೆ ವಾರವಿಡೀ ಜ್ವರ ಅಂತ ಹಾಸ್ಟೆಲಿನಲ್ಲಿ ಮಲಗಿದ್ದೆನಲ್ಲ, ನೀನು ಗೇಟಿನ ತನಕ ಮಜ್ಜಿಗೆ ತಂದುಕೊಟ್ಟಿದ್ದೆ. ಹೊಟ್ಟೆ ಕೆಟ್ಟಿದೆ ಅಂದಿದ್ದೆ. ಹೊಟ್ಟೆಗೆ ಏನೂ ಆಗಿರಲಿಲ್ಲ. ಮೂತ್ರದ ಸೋಂಕು. ಉರಿ ಅಂದರೆ ಅಂಥ ಉರಿ, ಬಾತ್‌ರೂಮಿನ ಗೋಡೆಗೆ ಹಣೆ ಒತ್ತಿ ನಿಲ್ಲುತ್ತಿದ್ದೆ. ಮನೆಯಲ್ಲಿ ಹೇಳಿದರೆ ಮುಂದಿನ ಟ್ರಿಪ್ಪು ಬಂದ್. ನಿಮಗೆ ಹೇಳಿದರೆ ತಾಪತ್ರಯದವರ ಪಟ್ಟಿಗೆ ಸೇರುತ್ತೇನೆ. ಇಬ್ಬರಿಗೂ ಹೇಳಲಿಲ್ಲ. ಇವತ್ತಿಗೂ ಉದ್ದ ಮೀಟಿಂಗ್ ಇದ್ದ ದಿನ ನನ್ನ ಕೈ ನೀರಿನ ಲೋಟದ ಹತ್ತಿರ ಹೋಗುವುದಿಲ್ಲ. ಟಾಯ್ಲೆಟ್ಟು ಬಾಗಿಲ ಪಕ್ಕದಲ್ಲೇ ಇದೆ.

ಆ ಹೆಂಗಸರ ಗುಂಪಿನಲ್ಲಿ ಎಲ್ಲರೂ ತಾಪತ್ರಯವೇ. ಒಬ್ಬಳಿಗೆ ಮಂಡಿ ನೋವು. ಇನ್ನೊಬ್ಬಳ ಚೈನು ದಿನಾ ಕಳಚುತ್ತದೆ. ಮುಟ್ಟು ನಿಲ್ಲುವ ವಯಸ್ಸಿನ ಒಬ್ಬಾಕೆ ನಮ್ಮ ಹಲ್ಲು ಕಟಕಟ ಅನ್ನುವ ಚಳಿಗಾಳಿಯಲ್ಲಿ ಜಾಕೆಟ್ ಕಿತ್ತೆಸೆದು "ಐದು ನಿಮಿಷ ಕೊಡಿ, ಬೇಯುತ್ತಿದ್ದೇನೆ" ಅನ್ನುತ್ತಾಳೆ. ಎಲ್ಲರೂ ನಿಲ್ಲುತ್ತಾರೆ. ಯಾರೂ ಸಾರಿ ಕೇಳುವುದಿಲ್ಲ. ನನಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಎಷ್ಟು ಸಲ ನಿಲ್ಲುತ್ತಾರಪ್ಪ ಇವರು ಅಂತ. ಆ ಸಿಟ್ಟು ನನ್ನದಲ್ಲ, ಜೀಪಿನದು ಅಂತ ಹೊಳೆದಾಗ ನಾವು ಹ್ಯಾರಿಸ್ ತಲುಪಿದ್ದೆವು.

ಇಷ್ಟೆಲ್ಲ ಬರೆಯುವ ಯೋಚನೆ ಇರಲಿಲ್ಲ. ಟ್ವೀಡ್ ಬಗ್ಗೆ ಬರೆಯಬೇಕು ಅಂತಿದ್ದೆ, ಅದನ್ನೇ ಬರೆಯುತ್ತೇನೆ.

ಹ್ಯಾರಿಸ್ ಟ್ವೀಡ್ ಅನ್ನುವ ಉಣ್ಣೆ ಬಟ್ಟೆಗೆ 1993ರಲ್ಲಿ ಪಾರ್ಲಿಮೆಂಟಿನಲ್ಲಿ ಒಂದು ಕಾಯ್ದೆಯನ್ನೇ ಮಾಡಿದ್ದಾರೆ. ಈ ದ್ವೀಪಗಳ ಜನ ತಮ್ಮ ಮನೆಯಲ್ಲೇ, ಕೈಮಗ್ಗದಲ್ಲಿ ನೇಯ್ದರೆ ಮಾತ್ರ ಆ ಹೆಸರು. ಕರೆಂಟಿನ ಮಗ್ಗ ನಡೆಯುವುದಿಲ್ಲ. ಲೂಯಿಸ್‌ನಲ್ಲಿ ಒಬ್ಬ ನೇಕಾರರ ಮನೆ ಹಿಂದಿನ ಶೆಡ್ಡಿಗೆ ಹೋಗಿದ್ದೆವು. ಮಗ್ಗಕ್ಕೆ ಸೈಕಲ್ಲಿನದೇ ಥರ ಪೆಡಲ್! ಸೀಟಿನ ಮೇಲೆ ಕೂತು ತುಳಿಯುತ್ತಲೇ ಇರುತ್ತಾರೆ. ಮುಂದಕ್ಕೆ ಒಂದಿಂಚೂ ಹೋಗುವುದಿಲ್ಲ, ಬಟ್ಟೆ ಮಾತ್ರ ಬೆಳೆಯುತ್ತದೆ. ನಾನು ಆ ಗಾಳಿಯಲ್ಲಿ ಅಷ್ಟು ತುಳಿದದ್ದಕ್ಕೆ ಒಂದು ಕರವಸ್ತ್ರವಾದರೂ ಸಿಗಬೇಕಿತ್ತು.

ಹಿಂದೆಲ್ಲ ನೇಯ್ದ ಬಟ್ಟೆಯನ್ನು ಹದಕ್ಕೆ ತರುವುದು ಹೆಂಗಸರ ಕೆಲಸ. ಉದ್ದ ಹಲಗೆಯ ಎರಡೂ ಕಡೆ ಕೂತು, ಒದ್ದೆ ಬಟ್ಟೆಯನ್ನು ಬಡಿದು ಬಡಿದು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾ ಹಾಡುತ್ತಿದ್ದರು. ಒಬ್ಬಳು ಎತ್ತಿಕೊಟ್ಟರೆ ಉಳಿದವರು ಸೊಲ್ಲು. ನಮ್ಮ ಬೀಸುವ ಹಾಡಿನ ಹಾಗೆ ಕೆಲಸದ ತಾಳವೇ ಹಾಡಿನ ತಾಳ. ಯಾವ ಹುಡುಗಿಗೆ ಯಾವ ಹುಡುಗ ಅಂತ ಹೆಸರು ಸೇರಿಸಿ ಕಾಲೆಳೆಯುವುದೂ ಇತ್ತು. ಮಾರ್ಗರೆಟ್ ಫೇ ಶಾ ಅನ್ನುವ ಅಮೆರಿಕದ ಹೆಣ್ಣುಮಗಳು 1929ರಿಂದ 1935ರ ತನಕ ಸೌತ್ ಯೂಯಿಸ್ಟಿನಲ್ಲಿ ಇಬ್ಬರು ಅಕ್ಕತಂಗಿಯರ ಮನೆಯಲ್ಲಿದ್ದು ಅಲ್ಲಿನ ಹಾಡುಗಳನ್ನು ಬರೆದುಕೊಂಡಳು. ಯಾರೂ ಕಳಿಸಿದ್ದಲ್ಲ, ತಾನಾಗಿ ಬಂದದ್ದು.

ಆ ಬಟ್ಟೆ ನೆನೆಸುತ್ತಿದ್ದದ್ದು ಯಾವುದರಲ್ಲಿ ಹೇಳು? ಹಳೆಯ ಮೂತ್ರದಲ್ಲಿ. ಮನೆಯವರೆಲ್ಲರದನ್ನೂ ತೊಟ್ಟಿಯಲ್ಲಿ ಕೂಡಿಟ್ಟು ಹಳಸಲು ಬಿಡುತ್ತಿದ್ದರು. ಅದರಲ್ಲಿನ ಅಮೋನಿಯಾ ಉಣ್ಣೆಯ ಜಿಡ್ಡು ಬಿಡಿಸುತ್ತದೆ, ಬಣ್ಣವನ್ನೂ ಹಿಡಿಸುತ್ತದೆ. ನಾನು ಕಾಲೇಜು ಪೂರ್ತಿ ಬಚ್ಚಿಟ್ಟದ್ದು ಅಲ್ಲಿ ಮನೆಯ ಆಸ್ತಿ!

ನೋಡು, ಟ್ವೀಡ್ ಅಂತ ಹೊರಟು ಮತ್ತೆ ಅಲ್ಲಿಗೇ ಬಂದೆ. ಬಂದದ್ದಾಯಿತು, ಒಂದು ಮಾತು. ತೀರ್ಥಹಳ್ಳಿ ದಾಟುವಾಗೆಲ್ಲ ನೀನು "ನನಗೆ ಕಾಫಿ ಬೇಕೇ ಬೇಕು" ಅಂತ ಹಟ ಹಿಡಿದು ಹೋಟೆಲ್ ಇರುವ ಕಡೆಯೇ ಜೀಪು ನಿಲ್ಲಿಸುತ್ತಿದ್ದೆ. ಆಗಷ್ಟೇ ಕಾಫಿ ಆಗಿರುತ್ತಿತ್ತು. ಎಲ್ಲರೂ ನಿನಗೆ ಬಯ್ಯುತ್ತಿದ್ದರು. "ಇಳಿಯೇ, ಮುಖ ತೊಳ್ಕೊಂಡು ಬಾ" ಅಂತ ನನಗೊಬ್ಬಳಿಗೇ ಹೇಳುತ್ತಿದ್ದೆ. ನಾನು ಇಳಿಯುತ್ತಿರಲಿಲ್ಲ. ನಿನಗೆ ಗೊತ್ತಿತ್ತಾ ಗುಂಡ? ಗೊತ್ತಿದ್ದರೆ ಹೇಳಬೇಡ. ಗೊತ್ತಿಲ್ಲದಿದ್ದರೂ ಹೇಳಬೇಡ. ಎರಡರಲ್ಲಿ ಯಾವುದಕ್ಕೆ ಅಳು ಬರುತ್ತದೋ ಯಾವುದಕ್ಕೆ ಕೋಪ ಬರುತ್ತದೋ ನನಗೇ ತಿಳಿಯದು. ತಾಪತ್ರಯ ಕೊಟ್ಟಿದ್ದರೂ ನನ್ನನ್ನು ಕರ್ಕೊಂಡು ಹೋಗುತ್ತಿದ್ದಿರಾ ಅಂತ ನಾನು ಒಂದು ಸಲವೂ ಪರೀಕ್ಷೆ ಮಾಡಿ ನೋಡಲಿಲ್ಲ. ಧೈರ್ಯ ಇರಲಿಲ್ಲ.

ಸಾಕು. ಗಾಳಿ ಜಾಸ್ತಿ ಕುಡಿದರೆ ಹೀಗೇ ಆಗುವುದು. ಭಾನುವಾರದ ವಿಷಯ ಹೇಳಿ ಮುಗಿಸುತ್ತೇನೆ. ಲೂಯಿಸ್‌ನವರು ಭಾನುವಾರ ದೇವರಿಗೆ ಬಿಟ್ಟಿದ್ದಾರೆ. ಸ್ಟೋರ್ನೊವೇಯಿಂದ ಭಾನುವಾರ ಫೆರ್ರಿ ಶುರುವಾದದ್ದೇ 2009ರಲ್ಲಿ. ಬಾಗಿಲು ತೆಗೆದ ಅಂಗಡಿ ದಾರಿಯಲ್ಲಿ ನಮಗೊಂದೂ ಸಿಗಲಿಲ್ಲ. ಪುಣ್ಯಕ್ಕೆ ಶನಿವಾರವೇ ಬ್ರೆಡ್ಡು, ಬಾಳೆಹಣ್ಣು ತುಂಬಿಕೊಂಡಿದ್ದೆವು. ನಮ್ಮ ಗ್ಯಾಂಗಿನ ಗೋಪಾಲನನ್ನು ಅಲ್ಲಿಗೆ ಕರೆದೊಯ್ಯುವಂತಿಲ್ಲ, ಮೂರನೇ ಇಡ್ಲಿ ಸಿಗದೆ ಸತ್ತೇ ಹೋಗುತ್ತಾನೆ.

ಇಂತಿ ನಿನ್ನ,
ಹೆಸರು ಗೊತ್ತಲ್ಲ

ತಾ.ಕ.: ನನ್ನದು ಬ್ಯಾಟರಿ ಸೈಕಲ್. ಹೌದು, ಮೋಟಾರ್ ಇರುವುದೇ. ಅದೂ ಕ್ಲಿಶಮ್ ಬೆಟ್ಟದ ಪಕ್ಕದ ಏರಿನಲ್ಲಿ ಚಾರ್ಜ್ ಮುಗಿದು ಕೂತಾಗ, ಮಂಡಿ ನೋವಿನವಳೂ ಬೇಯುತ್ತಿದ್ದವಳೂ ಸೇರಿ ನನ್ನನ್ನು ಹಿಂದಿನಿಂದ ತಳ್ಳಿದರು. ಇನ್ನು ಹತ್ತು ವರ್ಷ ನೀವೆಲ್ಲ ಇದನ್ನೇ ಹಿಡಿದುಕೊಂಡು ಆಡಿಕೊಳ್ಳಿ, ಪರವಾಗಿಲ್ಲ. ಮೇಲಿನದರ ಬಗ್ಗೆ ಮಾತ್ರ ಗ್ರೂಪಿನಲ್ಲಿ ಯಾರೂ ಬಾಯಿ ಬಿಡಕೂಡದು.