ನೀರುಗಂಟಿಯ ಜಮೀನಿದೆ, ನೀರುಗಂಟಿಯ ಕೆಲಸ ಯಾರದು?

ಮಾನ್ಯ ಸಂಪಾದಕರೆ,

ಲಂಡನ್ ನಗರಾಡಳಿತ ಇಂದಿಗೂ ವರ್ಷಕ್ಕೊಮ್ಮೆ ರಾಜನ ಅಧಿಕಾರಿಯೊಬ್ಬರಿಗೆ ಎರಡು ಕತ್ತಿ, 6 ಕುದುರೆ ಲಾಳ ಮತ್ತು 61 ಮೊಳೆ ಒಪ್ಪಿಸುತ್ತದೆ. 13ನೇ ಶತಮಾನದಲ್ಲಿ ಹಿಡಿದ ಜಮೀನಿಗೆ ಸಲ್ಲುವ ಗೇಣಿ ಅದು. ಇಂಥ ವಿಚಿತ್ರಗಳನ್ನು ನಾವು ಕುತೂಹಲದಿಂದ ಓದುತ್ತೇವೆ. ಅದೇ ಕಾಲದಲ್ಲಿ ಹಾಸನ, ಚಿಕ್ಕಮಗಳೂರು ಸೀಮೆಯಲ್ಲಿ ಜಮೀನು ಯಾವ ಕರಾರಿನ ಮೇಲೆ ಕೈಸೇರುತ್ತಿತ್ತು ಎಂಬುದು ನಮ್ಮದೇ ಕಲ್ಲುಗಳ ಮೇಲಿದ್ದರೂ ತಿರುಗಿ ನೋಡುವವರು ಕಡಿಮೆ. ಕೆರೆಯ ತೂಬು ಕಾದು ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯ ಕೆಲಸವೂ ಜಮೀನಿನ ಕರಾರಿಗೆ ಸೇರಿದ್ದೇ, ಈ ಪತ್ರ ಅದರ ಬಗ್ಗೆ.

ಕಾಳಗದಲ್ಲಿ ಮಡಿದವನ ಮನೆಯವರಿಗೆ ಬಿಟ್ಟ ಭೂಮಿ ನೆತ್ತರುಗೊಡಗೆ. ಪ್ರಾಣವನ್ನೇ ಪಣವಿಟ್ಟ ಕರಾರೂ ಇತ್ತು: ಒಡೆಯನ ಜೊತೆಯಲ್ಲೇ ಪ್ರಾಣ ಬಿಡುವೆನೆಂಬ ವೇಳೆವಾಳಿಯ ಮಾತಿಗೆ ಕಟ್ಟುಬಿದ್ದವರು ಹೊಯ್ಸಳರ ಅಂಗರಕ್ಷಕರಾದ ಗರುಡರು. ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ದಂಡನಾಯಕ ಕುವರ ಲಕ್ಷ್ಮ ಆ ಮಾತು ನಡೆಸಿದ್ದಕ್ಕೆ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಕಂಬಶಾಸನ ಸಾಕ್ಷಿ. ಊರಿನ ಅನ್ನಕ್ಕೆ ಹತ್ತಿರದ್ದು ಮಾತ್ರ ಬಿತ್ತುವಟ್ಟ: ಕೆರೆ ಕಟ್ಟಿದವನಿಗೆ, ಕೆಟ್ಟ ಕೆರೆಯನ್ನು ತಿದ್ದಿದವನಿಗೆ ಅದೇ ಕೆರೆಯ ಕೆಳಗೆ ಬಿಟ್ಟ ಗದ್ದೆ. ಕೆರೆ ತುಂಬಿದರೆ ಅವನ ಗದ್ದೆಗೂ ನೀರು, ಒಡೆದರೆ ಅವನಿಗೂ ನಷ್ಟ. ಮೇಲ್ವಿಚಾರಣೆಗೆ ಬೇರೆ ಆಳು ಬೇಡದಂಥ ಏರ್ಪಾಡಿದು. ಮೈಸೂರು ಸಂಸ್ಥಾನದ ಲೆಕ್ಕಗಳಲ್ಲಿ ಇದೇ ಬಗೆಯ ಜಮೀನು ಕಟ್ಟುಕೊಡಗಿ ಎಂದು ಮುಂದುವರಿಯಿತು. ತೂಬು ಕಾಯುವ ನೀರುಗಂಟಿಗೆ ಇನಾಂ ಜಮೀನಿನ ಜೊತೆಗೆ ಸುಗ್ಗಿಯ ಕಣದಲ್ಲಿ ಆಯದ ಕಾಳೂ, ಅಂದರೆ ಊರ ಚಾಕರಿಗೆ ರೈತರು ಕೊಡುವ ಪಾಲೂ ಸಲ್ಲುತ್ತಿತ್ತು.

ನೀರುಗಂಟಿಯ ಕೆಲಸ ಬರೀ ತೂಬಿನ ಬಿರಡೆ ಎತ್ತಿ ಇಳಿಸುವುದಲ್ಲ. ಸರದಿಯಂತೆ ಕೊನೆಯ ಗದ್ದೆಗೂ ನೀರು ಮುಟ್ಟಿಸಬೇಕು, ಕಾಲುವೆಯ ಹೂಳು ತೆಗೆಸಬೇಕು, ಜೋರು ಮಳೆಯ ರಾತ್ರಿ ಏರಿಯ ಮೇಲೆ ನಡೆದು ಜಿನುಗು ಹುಡುಕಬೇಕು. ಏಡಿ, ಇಲಿ ಕೊರೆದ ಬಿಲದಲ್ಲಿ ಮೊದಲು ತಿಳಿನೀರು ಒಸರುತ್ತದೆ. ಅದು ಕೆಂಪಗೆ ಬರತೊಡಗಿತೆಂದರೆ ಏರಿಯೊಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದೇ ಅರ್ಥ. ಏರಿಯ ಮೇಲೆ ಬೆಳೆದ ಮರವೂ ಅಪಾಯವೇ, ಬೇರು ಸತ್ತ ಮೇಲೆ ಆ ಜಾಗ ಪೊಳ್ಳಾಗಿ ನೀರಿಗೆ ದಾರಿಯಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಕೇಡು ತುಂಬಿದ ಕೆರೆಯ ನೀರು ಹೊರಹೋಗುವ ಕೋಡಿಯಲ್ಲಿ. ಇನ್ನೊಂದಷ್ಟು ನೀರು ನಿಲ್ಲಲೆಂದು ಕೋಡಿಗೆ ಮರಳುಮೂಟೆ ಪೇರಿಸಿದರೆ ಹೆಚ್ಚುವರಿ ನೀರು ಏರಿಯನ್ನೇ ಹತ್ತಿ ಹರಿಯುತ್ತದೆ, ಮಣ್ಣಿನ ಏರಿ ಅದನ್ನು ತಾಳುವುದಿಲ್ಲ. ನೀರುಗಂಟಿ ಕೋಡಿಯ ಮೇಲೂ ಕಣ್ಣಿಡಬೇಕು.

1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂತು. ಪಟೇಲ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ ಇವೆಲ್ಲ ವಂಶಪಾರಂಪರ್ಯ ಹುದ್ದೆಗಳಾಗಿ ಕೊನೆಗೊಂಡವು. ಜಾತಿಗೆ ಕಟ್ಟಿಹಾಕಿದ ಚಾಕರಿ ತೊಲಗಿದ್ದು ನ್ಯಾಯವೇ. ಇನಾಂ ಜಮೀನು ಹಿಡುವಳಿದಾರರಿಗೆ ಮರುಮಂಜೂರಾದದ್ದೂ ಸರಿ, ಅದನ್ನು ಈಗ ಕೆದಕುವುದು ಬಡ ಕುಟುಂಬಗಳಿಗೆ ಮಾಡುವ ಅನ್ಯಾಯ. ಆದರೆ ಜಮೀನಿನಿಂದ ಬಿಡಿಸಿದ ಆ ಕೆಲಸವನ್ನು ಸಂಬಳ ಕೊಟ್ಟು ಇನ್ನೊಬ್ಬರಿಗೆ ವಹಿಸುವ ಗಟ್ಟಿ ಏರ್ಪಾಡು ಊರೂರಿಗೆ ಬರಲಿಲ್ಲ. ಇಂದಿನ ಕೆರೆ ಅಭಿವೃದ್ಧಿಯೆಂದರೆ ಬಹುಪಾಲು ಹೂಳೆತ್ತುವುದು ಮತ್ತು ಏರಿಗೆ ಕಲ್ಲು ಕಟ್ಟುವುದು. ಬಿಲ್ಲು ಪಾಸಾದ ಮರುವರ್ಷ ತೂಬು ನೋಡಿಕೊಳ್ಳುವವರು ಯಾರು?

ಕಾಮಗಾರಿಗೆ ಮುಂಚೆ ಊರಿನವರು ಮಾಡಬಹುದಾದದ್ದಿದೆ. ಸರ್ವೆ ಕಚೇರಿಯಿಂದ ಗ್ರಾಮ ನಕಾಶೆ ಪಡೆದು ಕೆರೆಯಂಗಳ, ಕೋಡಿಹಳ್ಳ, ಕಾಲುವೆಗಳನ್ನು ಸ್ಥಳದಲ್ಲಿ ತಾಳೆ ನೋಡಿ. ಕೋಡಿಹಳ್ಳ ತೋಟವೋ ಸೈಟೋ ಆಗಿದ್ದರೆ ಆಗಲೇ ತಿಳಿಯುತ್ತದೆ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಇನಾಂ ರಿಜಿಸ್ಟರ್ ಮತ್ತು ಮರುಮಂಜೂರಾತಿ ಕಡತ ಕೇಳಿ. ಇಂದಿನ ಪಹಣಿಯೊಂದನ್ನೇ ನಂಬಿದರೆ ಸಾಲದು, ಹಳೆಯ ಹುದ್ದೆಯ ಸುಳಿವು ಅದರಲ್ಲಿ ಸಿಗದೆ ಹೋಗಬಹುದು. ನೀರುಗಂಟಿಗೆ ಎಷ್ಟು ಜಮೀನು ಬಿಟ್ಟಿದ್ದರೆಂದು ಗೊತ್ತಾದರೆ ಆ ಕೆಲಸಕ್ಕೆ ಹಿಂದಿನವರು ಕೊಟ್ಟ ಬೆಲೆ ತಿಳಿಯುತ್ತದೆ, ಸಂಬಳ ಗೊತ್ತುಮಾಡಲು ಅದೊಂದು ಅಳತೆ. ಹಳೆಯ ಲೆಕ್ಕದ ಖಂಡುಗ, ಕೊಳಗಗಳನ್ನು ಮಾತ್ರ ನೇರವಾಗಿ ಎಕರೆಗೆ ತಿರುಗಿಸಬೇಡಿ. 20 ಕೊಳಗಕ್ಕೆ ಒಂದು ಖಂಡುಗವಾದರೂ ಅದು ಬಿತ್ತನೆ ಬೀಜದ ಅಳತೆ. ಗದ್ದೆಗೂ ಮಳೆ ನಂಬಿದ ಬೆದ್ದಲಿಗೂ ವಿಸ್ತಾರ ಬೇರೆಯಾಗುತ್ತದೆ.

ಏರಿಯ ಮೇಲೆ, ತೂಬಿನ ಬಳಿ ಶಾಸನವಿದ್ದರೆ ಜೆಸಿಬಿ ಇಳಿಯುವ ಮೊದಲೇ ನಾಲ್ಕೂ ಮುಖದ ಫೋಟೊ ತೆಗೆದು, ಸರ್ವೆ ನಂಬರ್ ಬರೆದಿಡಿ. ಕಲ್ಲಿಗೆ ಪೇಂಟ್ ಬಳಿಯಬೇಡಿ, ಗೆರೆಗಳನ್ನು ಮೊಳೆಯಿಂದ ಕೆರೆಯಬೇಡಿ. ಬಿ.ಎಲ್. ರೈಸ್ ಅವರು ಸಂಪಾದಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಕಡೂರು (ಇಂದಿನ ಚಿಕ್ಕಮಗಳೂರು ಜಿಲ್ಲೆ) ಸಂಪುಟ (1901), ಹಾಸನ ಸಂಪುಟಗಳಲ್ಲಿ (1902) ಶಾಸನಗಳನ್ನು ತಾಲ್ಲೂಕುವಾರು ಕೊಟ್ಟಿದೆ, ನಿಮ್ಮೂರಿನದು ಅಲ್ಲಿದೆಯೇ ನೋಡಿ.

40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯತ್ ವ್ಯವಸ್ಥೆಯ ಸುಪರ್ದಿಗೆ, 40ರಿಂದ 2,000 ಹೆಕ್ಟೇರ್‌ವರೆಗಿನದು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತದೆ. ಪ್ರತಿ ಕೆರೆಗೆ ಸಂಬಳದ ನೀರುಗಂಟಿಯೊಬ್ಬರು ಬೇಕು, ಆ ಕೆಲಸ ಯಾವ ಜಾತಿಯ ಗಂಡಸು ಹೆಂಗಸರಿಗೂ ತೆರೆದಿರಬೇಕು ಎಂಬ ಠರಾವನ್ನು ಮುಂಗಾರಿಗೆ ಮೊದಲು ಗ್ರಾಮಸಭೆಯಲ್ಲಿ ಬರೆಸಿ, ಆಯಾ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

– ಭೂದಾಖಲೆ ಮತ್ತು ಶಾಸನಗಳ ಆಸಕ್ತರು, ಹಾಸನ