ಇನ್ನು ನಮ್ಮ ಟೂರ್‌ಗಳಲ್ಲಿ ಊರು ಕಡಿಮೆ, ಒಂದೊಂದು ಊರಲ್ಲಿ ದಿನ ಜಾಸ್ತಿ

ಪ್ರೀತಿಯ ಪ್ರಯಾಣಿಕರೇ,

ನಮಸ್ಕಾರ. ಮುಂದಿನ ಬೇಸಿಗೆಯಿಂದ ನಮ್ಮ ವಿದೇಶ ಪ್ರವಾಸಗಳಲ್ಲಿ ದೊಡ್ಡ ಬದಲಾವಣೆ ಆಗುತ್ತಿದೆ. ಏನು ಬದಲಾವಣೆ ಅನ್ನೋದನ್ನು ಮೊದಲು ಹೇಳಿಬಿಡುತ್ತೇವೆ, ಕಾರಣ ಆಮೇಲೆ.

ಇಲ್ಲಿಯವರೆಗೆ ಒಂದು ಗ್ರೂಪ್‌ನಲ್ಲಿ 40 ಜನ ಇರುತ್ತಿದ್ದರು. ಇನ್ನು 20 ಮಾತ್ರ. ಯುರೋಪಿನ '11 ದಿನ, 7 ದೇಶ' ಟೂರ್ ನಿಲ್ಲುತ್ತದೆ. ಅದೇ 11 ದಿನದಲ್ಲಿ ಇಟಲಿ ಮತ್ತು ಸ್ವಿಟ್ಜರ್ಲೆಂಡ್ ಎರಡನ್ನೇ ನೋಡುತ್ತೇವೆ, ಯಾವ ಊರಿಗೆ ಹೋದರೂ ಕನಿಷ್ಠ ಎರಡು ರಾತ್ರಿ ಅಲ್ಲೇ ಉಳಿಯುತ್ತೇವೆ. ಥಾಯ್ಲೆಂಡ್ ಪ್ಯಾಕೇಜ್‌ನಲ್ಲಿ ಫುಕೆಟ್‌ನಿಂದ ಒಂದೇ ದಿನದಲ್ಲಿ ಫೀ ಫೀ ದ್ವೀಪಕ್ಕೆ ಹೋಗಿ ಬರುವ ಕಾರ್ಯಕ್ರಮ ಇರುವುದಿಲ್ಲ. ತಲಾ ದರ ಸುಮಾರು ಶೇಕಡ 15ರಷ್ಟು ಏರುತ್ತದೆ. ಅಡುಗೆಯವರು ಎಂದಿನಂತೆ ಜೊತೆಗೇ ಬರುತ್ತಾರೆ, ಅದರಲ್ಲಿ ಏನೂ ವ್ಯತ್ಯಾಸ ಇಲ್ಲ. (ಫೋನ್ ಮಾಡಿದವರೆಲ್ಲ ಮೊದಲು ಕೇಳಿದ್ದು ಇದನ್ನೇ, ಅದಕ್ಕೇ ಇಲ್ಲೇ ಹೇಳುತ್ತಿದ್ದೇವೆ.)

ದುಡ್ಡು ಜಾಸ್ತಿ, ಊರು ಕಡಿಮೆ. ಇದು ಯಾವ ನ್ಯಾಯ ಅಂತ ಅನ್ನಿಸಬಹುದು. ಸ್ವಲ್ಪ ಸಮಾಧಾನವಾಗಿ ಓದಿ.

1950ರಲ್ಲಿ ಇಡೀ ಪ್ರಪಂಚದಲ್ಲಿ ಗಡಿ ದಾಟಿ ಪ್ರವಾಸ ಹೋದವರ ಲೆಕ್ಕ ಸುಮಾರು 2.5 ಕೋಟಿ. 2019ರಲ್ಲಿ ಅದು ಸುಮಾರು 146 ಕೋಟಿ. ಕೋವಿಡ್ ವರ್ಷದಲ್ಲಿ ನೆಲ ಕಚ್ಚಿದ ಈ ಲೆಕ್ಕ 2024ರ ಹೊತ್ತಿಗೆ ಮತ್ತೆ 140 ಕೋಟಿ ಮುಟ್ಟಿತು. ಜನ ಹೆಚ್ಚಾದರು, ಆದರೆ ನೋಡಬೇಕಾದ ಊರುಗಳ ಪಟ್ಟಿ ಹಾಗೇ ಇದೆ. ಎಲ್ಲರಿಗೂ ಅದೇ ಸೇತುವೆ, ಅದೇ ಬೀಚ್, ಅದೇ ಚೌಕದಲ್ಲಿ ಫೋಟೋ ಬೇಕು, ಅದೂ ಬೆಳಿಗ್ಗೆ 11ರಿಂದ ಸಂಜೆ 4ರ ಒಳಗೆ.

ಇಟಲಿಯಲ್ಲಿ ನೀರಿನ ಮಧ್ಯೆ ಇರುವ ವೆನಿಸ್ ಊರಿನ ವಿಷಯ ತೆಗೆದುಕೊಳ್ಳಿ. ನಮ್ಮ ದೇಶದಿಂದ ಹೋಗುವ ಹೆಚ್ಚಿನ ಗ್ರೂಪ್‌ಗಳು ಉಳಿಯುವುದು ವೆನಿಸ್‌ನಲ್ಲಿ ಅಲ್ಲ, ನೀರಿನ ಈಚೆ ದಡದ ಮೆಸ್ತ್ರೆಯಲ್ಲಿ. ಅಲ್ಲಿ ಹೋಟೆಲ್ ಅಗ್ಗ. ಬೆಳಿಗ್ಗೆ ದೋಣಿ ಹತ್ತಿ ಹೋಗಿ, ಸ್ಯಾನ್ ಮಾರ್ಕೋ ಚೌಕದಲ್ಲಿ ನಿಂತು, ಗೊಂಡೋಲ ಅನ್ನುವ ಉದ್ದನೆಯ ದೋಣಿ ನೋಡಿ, ಒಂದು ಫ್ರಿಜ್ ಮ್ಯಾಗ್ನೆಟ್ ಕೊಂಡು, ಸಂಜೆಗೆ ವಾಪಸ್. ಪ್ರಪಂಚದ ಎಲ್ಲ ಮೂಲೆಯಿಂದ ಬಂದವರೂ ಇದನ್ನೇ ಮಾಡಿದರೆ ಆ ಊರಿಗೆ ಉಳಿಯುವುದು ಕಸ, ನೂಕುನುಗ್ಗಲು, ಚಿಲ್ಲರೆ ವ್ಯಾಪಾರ. ತರಕಾರಿ ಅಂಗಡಿ ಹೋಗಿ ಮುಖವಾಡದ ಅಂಗಡಿ ಬರುತ್ತದೆ. ಬಾಡಿಗೆ ಮನೆ ಹೋಗಿ ಪ್ರವಾಸಿಗರ ರೂಮ್ ಬರುತ್ತದೆ. ವೆನಿಸ್‌ನ ಹಳೇ ಊರಿನಲ್ಲಿ 1951ರಲ್ಲಿ ಸುಮಾರು 1,75,000 ಜನ ವಾಸವಿದ್ದರು. 2022ರಲ್ಲಿ ಅದು 50,000ಕ್ಕಿಂತ ಕೆಳಗಿಳಿಯಿತು. ರಿಯಾಲ್ಟೋ ಸೇತುವೆ ಹತ್ತಿರ ಒಂದು ಔಷಧಿ ಅಂಗಡಿ ಇದೆ. ಊರಲ್ಲಿ ಇನ್ನೆಷ್ಟು ಜನ ಉಳಿದಿದ್ದಾರೆ ಅನ್ನುವ ಲೆಕ್ಕವನ್ನು ಅವರು 2008ರಿಂದ ಗಾಜಿನ ಹಿಂದೆ ಬೋರ್ಡಿನಲ್ಲಿ ತೋರಿಸುತ್ತಿದ್ದಾರೆ. ಮುಂದಿನ ಸಲ ಹೋದಾಗ ಅದನ್ನು ನಿಮಗೆ ತೋರಿಸುತ್ತೇವೆ. ಆ ಬೋರ್ಡಿನ ಮುಂದೆ ಐದು ನಿಮಿಷ ನಿಲ್ಲುವುದು ಗೊಂಡೋಲದಷ್ಟೇ ಮುಖ್ಯ ಅಂತ ನಮ್ಮ ಅಭಿಪ್ರಾಯ.

ಊರಿನವರೂ ಸುಮ್ನೆ ಕೂತಿಲ್ಲ. 2021ರಲ್ಲಿ ದೊಡ್ಡ ಕ್ರೂಸ್ ಹಡಗುಗಳು ಊರ ಮಧ್ಯದ ಕಾಲುವೆಗೆ ಬರದಂತೆ ಇಟಲಿ ಸರ್ಕಾರ ತಡೆಯಿತು. 2024ರ ಏಪ್ರಿಲ್ 25ರಿಂದ, ಜನಜಂಗುಳಿ ಇರುವ ಕೆಲವು ದಿನಗಳಲ್ಲಿ, ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ 5 ಯೂರೋ ಪ್ರವೇಶ ಶುಲ್ಕ ಶುರುವಾಯಿತು. ರಾತ್ರಿ ಉಳಿಯುವವರಿಗೆ ಅದು ಇಲ್ಲ. ಅದೇ ವರ್ಷ ಇನ್ನೊಂದು ನಿಯಮ ಬಂತು: ಗೈಡ್ ಜೊತೆ ನಡೆಯುವ ಗುಂಪಿನಲ್ಲಿ 25 ಜನರಿಗಿಂತ ಹೆಚ್ಚು ಇರಬಾರದು, ಧ್ವನಿವರ್ಧಕ ಬಳಸಬಾರದು. 40 ಜನರ ಗುಂಪನ್ನು ಎರಡು ಭಾಗ ಮಾಡಿ ಹೇಗೋ ನಡೆಸಬಹುದು, ನಿಜ. ಆದರೆ ಆ ನಿಯಮ ಯಾಕೆ ಬಂತು ಅಂತ ಗೊತ್ತಿದ್ದೂ ಹಾಗೆ ಮಾಡುವುದು ನಮಗೆ ಬೇಡ. ಹಾಗಾಗಿ 20 ಜನ, ಎರಡು ರಾತ್ರಿ, ಊರೊಳಗಿನ ಹಳೇ ಹೋಟೆಲಿನಲ್ಲಿ. ಮನೆಗಳನ್ನು ಖಾಲಿ ಮಾಡಿಸಿ ರೂಮ್ ಮಾಡಿದ ಕಡೆ ಉಳಿಯುವುದಿಲ್ಲ. ದರ ಏರಿದ್ದಕ್ಕೆ ಮುಖ್ಯ ಕಾರಣವೂ ಇದೇ, ಬೇರೆ ಏನೂ ಇಲ್ಲ.

ಪ್ರವಾಸಿ ಊರುಗಳು ಹೇಗೆ ಹುಟ್ಟಿ, ಬೆಳೆದು, ಸೊರಗುತ್ತವೆ ಅನ್ನೋದನ್ನು ರಿಚರ್ಡ್ ಬಟ್ಲರ್ ಎಂಬ ಭೂಗೋಳ ತಜ್ಞರು 1980ರಲ್ಲೇ ಬರೆದರು. ಮೊದಲು ಯಾರೋ ನಾಲ್ಕು ಜನ ಹುಡುಕಿಕೊಂಡು ಬರುತ್ತಾರೆ. ಊರಿನವರು ಅವರಿಗೆ ಊಟ, ಜಾಗ ಕೊಡುತ್ತಾರೆ. ಆಮೇಲೆ ಹೊರಗಿನ ಬಂಡವಾಳ, ದೊಡ್ಡ ಹೋಟೆಲು, ಜಾಹೀರಾತು. ಜನ ಏರುತ್ತಾ ಏರುತ್ತಾ ಒಂದು ಹಂತದಲ್ಲಿ ನಿಲ್ಲುತ್ತಾರೆ. ಅಲ್ಲಿಂದ ಮುಂದೆ ಊರು ಕುಸಿಯಬಹುದು, ಇಲ್ಲವೇ ಹೊಸ ದಾರಿ ಹುಡುಕಿಕೊಂಡು ಚಿಗುರಬಹುದು. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಕುಸಿದದ್ದಕ್ಕೆ ಉದಾಹರಣೆ. 1846ರಲ್ಲಿ ಅಲ್ಲಿಗೆ ರೈಲು ಬಂತು. ಲ್ಯಾಂಕಾಶೈರ್‌ನ ಹತ್ತಿ ಗಿರಣಿಗಳು ವರ್ಷಕ್ಕೊಂದು ವಾರ ಮುಚ್ಚಿದಾಗ ಊರಿಗೆ ಊರೇ ಆ ಸಮುದ್ರ ತೀರಕ್ಕೆ ಹೊರಡುತ್ತಿತ್ತು. 1894ರಲ್ಲಿ ಐಫೆಲ್ ಗೋಪುರದ ಮಾದರಿಯಲ್ಲಿ ಒಂದು ಟವರ್ ಕೂಡ ಎದ್ದಿತು. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಸ್ಪೇನಿಗೆ ಅಗ್ಗದ ವಿಮಾನ ಬಂತು, ಬಿಸಿಲು ಗ್ಯಾರಂಟಿ ಇರುವ ಕಡೆಗೆ ಜನ ತಿರುಗಿದರು. ಊರಿನ ಹಳೇ ವಸತಿಗೃಹಗಳಲ್ಲಿ ಎಷ್ಟೋ, ಕಡಿಮೆ ಬಾಡಿಗೆಯ ರೂಮುಗಳಾದವು. 2019ರ ಸರ್ಕಾರಿ ಪಟ್ಟಿಯಲ್ಲಿ ಇಂಗ್ಲೆಂಡಿನ ಅತ್ಯಂತ ಹಿಂದುಳಿದ ಪ್ರದೇಶ ಅದೇ ಊರು. ಈಗಲೂ ಲಕ್ಷಗಟ್ಟಲೆ ಜನ ಬರುತ್ತಾರೆ. ಆದರೆ ಜನ ಬಂದ ಮಾತ್ರಕ್ಕೆ ಅಲ್ಲಿ ವಾಸ ಮಾಡುವವರ ಬದುಕು ಚೆನ್ನಾಗಿರುತ್ತದೆ ಅಂತೇನಿಲ್ಲ ಅಲ್ವಾ?

ಕುಸಿತ ಹಣೆಬರಹವೂ ಅಲ್ಲ. ಫಿಲಿಪೀನ್ಸ್‌ನ ಬೊರಾಕಾಯ್ ದ್ವೀಪ ನೋಡಿ. ಬಿಳಿ ಮರಳಿಗೆ ಹೆಸರಾದ ಪುಟ್ಟ ಜಾಗ. ಹೋಟೆಲುಗಳ ಕೊಳಚೆ ನೇರ ಸಮುದ್ರಕ್ಕೆ ಸೇರುವ ಮಟ್ಟಕ್ಕೆ ಬಂದಾಗ 2018ರ ಏಪ್ರಿಲ್ 26ರಂದು ಸರ್ಕಾರ ಇಡೀ ದ್ವೀಪವನ್ನು ಪ್ರವಾಸಿಗರಿಗೆ ಮುಚ್ಚಿತು. ಆರು ತಿಂಗಳು. ಅಲ್ಲಿ ದುಡಿಯುತ್ತಿದ್ದ ಸಾವಿರಾರು ಜನರಿಗೆ ಅದು ತುಂಬಾ ಕಷ್ಟದ ಕಾಲ, ಅದನ್ನು ಮರೆಯಬಾರದು. ಮತ್ತೆ ತೆರೆದಾಗ ದಿನಕ್ಕೆ 6,405 ಪ್ರವಾಸಿಗರು ಮಾತ್ರ ಬರಬಹುದು ಅಂತ ಮಿತಿ ಹಾಕಿದರು.

ಫೀ ಫೀ ವಿಷಯವೂ ಹೀಗೇ. ಅಲ್ಲಿನ ಮಾಯಾ ಬೇ ಒಂದು ಚಿಕ್ಕ ಬೀಚ್. ಅಲ್ಲಿ ಚಿತ್ರೀಕರಿಸಿದ ಒಂದು ಹಾಲಿವುಡ್ ಸಿನಿಮಾ 2000ದಲ್ಲಿ ತೆರೆಗೆ ಬಂದ ಮೇಲೆ ಪ್ರಪಂಚವೇ ಹುಡುಕಿಕೊಂಡು ಹೊರಟಿತು. ಕೊನೆಕೊನೆಗೆ ದಿನಕ್ಕೆ 5,000 ಜನರವರೆಗೂ ಬರುತ್ತಿದ್ದರು. ದೋಣಿಗಳ ಲಂಗರು ಬಿದ್ದು ಬಿದ್ದು ಹವಳ ನುಚ್ಚುನೂರಾಯಿತು. 2018ರ ಜೂನ್‌ನಲ್ಲಿ ಮುಚ್ಚಿದ ಬೀಚನ್ನು 2022ರ ಜನವರಿಯಲ್ಲಿ ತೆರೆದರು. ಅಷ್ಟರಲ್ಲಿ ಹವಳ ಮತ್ತೆ ನೆಟ್ಟಿದ್ದರು, ದಡದ ಹತ್ತಿರಕ್ಕೆ ಪುಟ್ಟ ಶಾರ್ಕ್‌ಗಳು ವಾಪಸ್ ಬಂದಿದ್ದವು. ಈಗ ದೋಣಿ ಹಿಂಬದಿಯ ಕೊಲ್ಲಿಗೇ ಬರಬೇಕು, ನೀರಿಗಿಳಿದು ಈಜುವ ಹಾಗಿಲ್ಲ, ಪ್ರತಿ ವರ್ಷ ಆಗಸ್ಟ್ ಮತ್ತು ಸೆಪ್ಟೆಂಬರ್ ಬೀಚ್ ಬಂದ್. ಇಷ್ಟೆಲ್ಲ ಕಷ್ಟಪಟ್ಟು ಉಳಿಸಿಕೊಂಡ ಜಾಗಕ್ಕೆ ಸ್ಪೀಡ್ ಬೋಟಿನಲ್ಲಿ ಓಡಿಹೋಗಿ ಓಡಿಬರುವುದು ಸರಿ ಕಾಣಲಿಲ್ಲ. ಆ ದಿನವನ್ನು ಅಲ್ಲೇ ಹತ್ತಿರದ ಕರಾವಳಿ ಊರು ಕ್ರಾಬಿಯಲ್ಲಿ ಕಳೆಯೋಣ. ಮಾಯಾ ಬೇ ನೋಡಲೇಬೇಕು ಅನ್ನುವವರಿಗೆ ಬೆಳಗಿನ ಮೊದಲ ದೋಣಿಯಲ್ಲಿ, ಚಿಕ್ಕ ತಂಡವಾಗಿ ವ್ಯವಸ್ಥೆ ಮಾಡಿಕೊಡುತ್ತೇವೆ.

ಇದು ಬರೀ ವಿದೇಶದ ಕಥೆ ಅಲ್ಲ ಅಂತ ನಿಮಗೂ ಗೊತ್ತು. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನ ಸಾಲುಗಟ್ಟಿ ನಿಂತ ದೃಶ್ಯ ನೀವೆಲ್ಲ ನೋಡಿದ್ದೀರಿ. ಅದೇ ವರ್ಷ ಮೇ 7ರಿಂದ ಊಟಿ, ಕೊಡೈಕೆನಾಲ್‌ಗೆ ಇ-ಪಾಸ್ ಬಂತು.

ನಾವು ಪ್ರವಾಸದ ವಿರೋಧಿಗಳಲ್ಲ. 1841ರಲ್ಲಿ ಥಾಮಸ್ ಕುಕ್ ಎಂಬಾತ ಲೆಸ್ಟರ್‌ನಿಂದ ಲಫ್‌ಬರೋಗೆ ಒಂದು ಶಿಲ್ಲಿಂಗ್‌ಗೆ ನೂರಾರು ಜನರನ್ನು ರೈಲಿನಲ್ಲಿ ಕರೆದುಕೊಂಡು ಹೋದ ಮೇಲೆಯೇ ನಮ್ಮ ಈ ಗ್ರೂಪ್ ಟೂರ್ ಕಸುಬು ಬೆಳೆದದ್ದು. ಸಾಮಾನ್ಯ ಜನರೂ ಊರು ಬಿಟ್ಟು ಹೊರಡಬಹುದು ಅಂತಾಗಿದ್ದು ಇದರಿಂದಲೇ. ನಿವೃತ್ತ ಮೇಷ್ಟ್ರು, ಬ್ಯಾಂಕ್ ನೌಕರರು, ಜೀವಮಾನವೆಲ್ಲ ಮನೆ ನೋಡಿಕೊಂಡ ಅಮ್ಮಂದಿರು ಹಿಮ ಮುಟ್ಟಿ ಮಕ್ಕಳ ಹಾಗೆ ನಗುವುದನ್ನು ನೋಡುವುದೇ ನಮ್ಮ ಕೆಲಸದ ಸಂತೋಷ. ಅದಕ್ಕೇ "ಇಷ್ಟು ಖರ್ಚು ಮಾಡಿ ವೀಸಾ ಮಾಡಿಸಿ ಹೋಗ್ತೀವಿ, ಒಂದೇ ಸಲಕ್ಕೆ ಎಲ್ಲ ನೋಡಿಬಿಡೋಣ" ಅನ್ನುವವರ ಮಾತು ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಎಷ್ಟೋ ಜನರಿಗೆ ಅದು ಜೀವನದ ಒಂದೇ ವಿದೇಶ ಪ್ರವಾಸ. ಆದರೆ 7 ದೇಶದ ಟೂರ್‌ನಲ್ಲಿ ಅರ್ಧಕ್ಕರ್ಧ ಹೊತ್ತು ಬಸ್ಸಿನ ಕಿಟಕಿಯಲ್ಲೇ ಹೋಗುತ್ತದೆ. ಮಂಡಿನೋವು ಇರುವವರಿಗೆ ಬೆಳಿಗ್ಗೆ 5ಕ್ಕೆ ಎದ್ದು ಪೆಟ್ಟಿಗೆ ಕಟ್ಟುವುದೇ ದೊಡ್ಡ ಕೆಲಸ. ಎರಡು ರಾತ್ರಿ ಉಳಿದರೆ ಸಂಜೆ ಗುಂಪುಗಳೆಲ್ಲ ಹೋದ ಮೇಲೆ ಊರು ನಿಮ್ಮದಾಗುತ್ತದೆ, ನಿಧಾನವಾಗಿ ನಡೆಯಬಹುದು, ಅಂಗಡಿಯವರ ಜೊತೆ ನಾಲ್ಕು ಮಾತಾಡಬಹುದು. ನಿಮ್ಮ ದುಡ್ಡೂ ಆ ಊರಿನವರ ಕೈಗೇ ಹೋಗುತ್ತದೆ.

ಇನ್ನು ಹಣದ ವಿಷಯ. ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ಹಳೇ ದರವೇ, ಹೊಸ ಕಾರ್ಯಕ್ರಮದಲ್ಲಿ ಬರಬಹುದು. 7 ದೇಶದ ಟೂರೇ ಬೇಕು ಅನ್ನುವವರಿಗೆ ಪೂರ್ತಿ ಹಣ 15 ದಿನದೊಳಗೆ ವಾಪಸ್ ಬರುತ್ತದೆ, ಯಾವ ಕಡಿತವೂ ಇಲ್ಲ. ಮೇ ತಿಂಗಳ ಬದಲು ದಸರಾ ರಜೆಯಲ್ಲಿ ಹೊರಡುವವರಿಗೆ ದರ ಸ್ವಲ್ಪ ಕಡಿಮೆ ಇದೆ, ಆಗ ಯುರೋಪಿನಲ್ಲಿ ಜನವೂ ಕಡಿಮೆ. ಒಂದೇ ಸಲಕ್ಕೆ ಕೊಡಲು ಕಷ್ಟ ಆಗುವವರು ನಾಲ್ಕು ಕಂತಿನಲ್ಲಿ ಕಟ್ಟಬಹುದು. ಪ್ರಶ್ನೆ ಇದ್ದರೆ ಫೋನ್ ಮಾಡಿ, ಇಲ್ಲವೇ ಯಾವುದಾದರೂ ಭಾನುವಾರ ಬೆಳಿಗ್ಗೆ ಆಫೀಸಿಗೆ ಬನ್ನಿ. ಹೊಸ ಕಾರ್ಯಕ್ರಮದ ನಕ್ಷೆ ಗೋಡೆಗೆ ಹಾಕಿದ್ದೇವೆ, ಕೂತು ಮಾತಾಡೋಣ.

ನಿಮ್ಮ ಪ್ರವಾಸ ತಂಡ,
ಬಸವನಗುಡಿ, ಬೆಂಗಳೂರು